ಅಂಜಿದವರ ಕತೆಗಳನ್ನು ಪುಸ್ತಕ ಮಾಡುವುದು ಹೇಗೆ

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಟೈಪ್ ಮಾಡುತ್ತೇನೆ. ನಡುನಡುವೆ ಕತೆಗಳ ಹಸ್ತಪ್ರತಿಗಳೂ ಬರುತ್ತವೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯಿಂದ ಮೇಷ್ಟ್ರುಗಳು, ಕಾಲೇಜು ಹುಡುಗಿಯರು, ನಿವೃತ್ತರಾದವರು ನೋಟ್‌ಬುಕ್ ಹಿಡಿದುಕೊಂಡು ಬರುತ್ತಾರೆ. ವರ್ಷಗಟ್ಟಲೆ ಬೇರೆಯವರ ಕತೆ ಟೈಪ್ ಮಾಡಿದ ಮೇಲೆ ನನ್ನದೂ ಒಂದು ಸಂಕಲನ ಬಂತು. ಹನ್ನೊಂದು ಕತೆ. ಅಂಜಿದವರು, ನಂಬಿಸಿ ಕೈ ಕೊಟ್ಟವರು, ಗೊತ್ತಿದ್ದೂ ಜಾರಿದವರು, ಇವರದೇ ಕತೆಗಳು. ಇಂಥದ್ದೇ ಪುಸ್ತಕ ಮಾಡಬೇಕು ಅಂತ ಬರುವವರಿಗೆ ಅಂಗಡಿಯಲ್ಲಿ ಕೂತು ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕತೆಯಲ್ಲಿ ಇರುವುದು ಯಾವ ಅಂಜಿಕೆ ಅಂತ ನೋಡಿಕೊಳ್ಳಿ. ಭಯ ಅಂತ ಒಂದೇ ಪದ ಬರೆದು ಮುಂದೆ ಹೋಗಬೇಡಿ. ನಮ್ಮ ಮಾತಿನಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ. ಗಾಬರಿ ಒಂದು ಗಳಿಗೆಯದು. ಹಾವು ಕಂಡಾಗ ಬರುತ್ತದೆ, ಹಾವು ಹೋದರೆ ಹೋಗುತ್ತದೆ. ದಿಗಿಲು ರಾತ್ರಿಯಿಡೀ ಇರುತ್ತದೆ. ಮಗಳು ಇನ್ನೂ ಮನೆಗೆ ಬಂದಿಲ್ಲ ಅಂದಾಗ ಹೊಟ್ಟೆಯಲ್ಲಿ ಕೂರುವುದು ಅದು. ಅಂಜಿಕೆ ವರ್ಷಗಟ್ಟಲೆಯದು. "ಅವರ ಮನಿಯಾಗ ಎಲ್ಲಾರೂ ಹಿರ್ಯಾಗ ಅಂಜಿ ನಡೀತಾರ" ಅಂತೀವಲ್ಲ, ಅಲ್ಲಿ ಅಂಜಿಕೆಯ ಜೊತೆ ಮರ್ಯಾದೆಯೂ ಬೆರೆತಿರುತ್ತದೆ. ಎರಡನ್ನೂ ಬಿಡಿಸಲು ಆಗುವುದಿಲ್ಲ. ಗಾಬರಿಯ ಕತೆ ಮೂರು ಪುಟದಲ್ಲಿ ಮುಗಿಯಬಹುದು. ಅಂಜಿಕೆಯ ಕತೆಗೆ ಆ ಮನೆಯ ಊಟ, ನಿದ್ದೆ, ಬಾಗಿಲು ತೆಗೆಯುವ ಸದ್ದು ಎಲ್ಲ ಬೇಕು. ಹದಿನೈದು ಪುಟವೂ ಆದೀತು. ಕತೆ ಎಷ್ಟು ಉದ್ದ ಇರಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಎರಡನೆಯದು, ಅಂಜಿದವರ ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕಿತ್ತುಹೋಯಿತು. ಜಲಾಶಯ ತುಂಬಿತ್ತು. ಅದಾದ ಕೆಲವು ತಿಂಗಳಲ್ಲಿ ಆ ರಾತ್ರಿಯ ಮೇಲೆ ಬರೆದ ನಾಲ್ಕು ಕತೆ ನನ್ನ ಅಂಗಡಿಗೆ ಬಂದವು. ನಾಲ್ಕರಲ್ಲೂ ಜನ "ಭಯದಿಂದ ನಡುಗಿದರು". ನಾಲ್ಕರಲ್ಲೂ "ಎದೆ ಝಲ್ಲೆಂದಿತು". ಒಂದರಲ್ಲಿ ಮಾತ್ರ ನದಿ ದಂಡೆಯ ಊರಿನ ಒಬ್ಬಾಕೆ ಕತ್ತಲಲ್ಲಿ ಜೋಳದ ಹಿಟ್ಟಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟು, ಮತ್ತೆ ಕೆಳಗಿಳಿಸಿ, ನಾಳೆ ಬೆಳಿಗ್ಗೆಗೆ ಎಷ್ಟು ಬೇಕೋ ಅಷ್ಟು ತೆಗೆದಿಟ್ಟುಕೊಂಡು ಮತ್ತೆ ಮೇಲೆ ಇಡುತ್ತಾಳೆ. ಟೈಪ್ ಮಾಡುತ್ತಿದ್ದ ನನ್ನ ಕೈ ಅಲ್ಲಿ ನಿಂತಿತು. ನೀರು ಬರುತ್ತದೆ ಅಂತ ಆಕೆಗೆ ಅಂಜಿಕೆ ಇದೆ. ನಾಳೆ ರೊಟ್ಟಿ ಬಡಿಯಬೇಕು ಅನ್ನುವುದೂ ಇದೆ. ಎರಡೂ ಒಂದೇ ಕೈಯಲ್ಲಿ ಕಾಣುತ್ತವೆ.

ಆ ರಾತ್ರಿಯಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ಯಾರೂ ಬರೆಯಲಿಲ್ಲ ಅನ್ನುವ ಕೊರಗು ನನಗಿದೆ. ದಂಡೆಯ ಊರುಗಳವರು ನೀರು ಬರುತ್ತದೆ ಅಂತ ಅಂಜಿದರು. ಎಡದಂಡೆ ಕಾಲುವೆ ನಂಬಿಕೊಂಡ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ರೈತರು ನೀರು ಹೋಗುತ್ತದೆ ಅಂತ ಅಂಜಿದರು. ಭತ್ತ ನಾಟಿಯಾಗಿತ್ತು. ಒಂದೇ ನೀರು, ಒಂದೇ ರಾತ್ರಿ, ಎದುರುಬದುರು ಎರಡು ಅಂಜಿಕೆ. ಒಂದು ಮನೆಯಲ್ಲಿ ಅಣ್ಣ ದಂಡೆಯ ಊರಿನಲ್ಲಿದ್ದು ತಮ್ಮ ಕಾಲುವೆಯ ಕೊನೆಯಲ್ಲಿದ್ದರೆ? ಫೋನಿನಲ್ಲಿ ಇಬ್ಬರೂ ಏನು ಮಾತಾಡುತ್ತಾರೆ? ಕತೆ ಹುಟ್ಟುವುದು ಅಲ್ಲೇ. ಒಂದು ಭಯ ಸಿಕ್ಕ ಕೂಡಲೇ ಬರೆಯಲು ಕೂರಬೇಡಿ. ಅದರ ಎದುರಿಗಿರುವ ಇನ್ನೊಂದು ಭಯ ಯಾರ ಮನೆಯಲ್ಲಿದೆ ಅಂತ ಹುಡುಕಿ.

ಇನ್ನು ಮೋಸದ ಕತೆ. ಇದರ ಬಗ್ಗೆ ಜಾಸ್ತಿ ಹೇಳಬೇಕು. ನಾನು ಜಾಸ್ತಿ ಎಡವಿದ್ದು ಇಲ್ಲೇ.

ನನ್ನ ಅಪ್ಪ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಗೆಳೆಯರೊಬ್ಬರು ಆ ಅಂಗಡಿಯಲ್ಲಿ ಬಿತ್ತನೆಗೆ ದುಡ್ಡು ಎತ್ತಿದ್ದರು, ಸುಗ್ಗಿ ಆದ ಮೇಲೆ ತಂದು ಕಟ್ಟಿದ್ದರು. ಕಟ್ಟಿದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದರು. ಆಮೇಲೆ, ಕಟ್ಟಿಲ್ಲ ಅಂತ ಬರೆದ ಒಂದು ಕಾಗದ ಬಂತು. ಅದಕ್ಕೆ ಅಪ್ಪ ಸಾಕ್ಷಿ ಸಹಿ ಹಾಕಿದರು. ಆ ಗೆಳೆಯರ ಎರಡು ಎಕರೆ ಹೋಯಿತು. ನಾನಾಗ ಐದನೇ ಕ್ಲಾಸು. ಗೆಳೆಯರ ಮಗಳೂ ನಾನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಆಕೆ ಬೆಂಚು ಬದಲಿಸಿದಳು.

ಇದನ್ನು ನಾನು ಮೂರು ಸಲ ಬರೆದೆ. ಮೊದಲ ಸಲ ಅಂಗಡಿಯ ಯಜಮಾನನನ್ನು ರಾಕ್ಷಸನ ಹಾಗೆ ಬರೆದೆ. ಆತ ಮೀಸೆ ತಿರುವುತ್ತಿದ್ದ, ಬೆದರಿಸುತ್ತಿದ್ದ. ಅಪ್ಪ ಪಾಪದವರು. ಓದಿದರೆ ಬಯಲಾಟದ ಹಾಗಿತ್ತು, ಯಾರು ಕೆಟ್ಟವರು ಅಂತ ವೇಷದಲ್ಲೇ ಗೊತ್ತಾಗುತ್ತಿತ್ತು. ಎರಡನೇ ಸಲ ಪೂರ್ತಿ ಆ ಗೆಳೆಯರ ಕಡೆಯಿಂದ ಬರೆದೆ. ಬರೀ ಕಣ್ಣೀರು. ಅವರ ದುಃಖ ನಿಜವಾದದ್ದೇ, ಆದರೆ ನಾನು ಅದರ ಹಿಂದೆ ಅಡಗಿಕೊಂಡಿದ್ದೆ. ಅಪ್ಪನ ಕಡೆ ತಿರುಗಿ ನೋಡಲು ನನಗೆ ಧೈರ್ಯ ಇರಲಿಲ್ಲ.

ಮೂರನೇ ಸಲ ಅವ್ವ ಹೇಳಿದ ಒಂದು ಮಾತು ನೆನಪಾಯಿತು. ಸಹಿ ಹಾಕುವಾಗ ಅಪ್ಪನ ಪೆನ್ನು ಬರೆಯಲಿಲ್ಲವಂತೆ. ಝಾಡಿಸಿದರಂತೆ. ಧೋತರದ ಮೇಲೆ ಶಾಯಿ ಬಿತ್ತಂತೆ. ಆ ಕಲೆ ತೊಳೆಯಲು ಕೂತಾಗಲೇ ಅವ್ವನಿಗೆ ಎಲ್ಲ ತಿಳಿದದ್ದು. ನಾನು ಬರೆದೆ: ಪೆನ್ನು ಬರೆಯಲಿಲ್ಲ. ಅಪ್ಪ ಇನ್ನೊಂದು ಪೆನ್ನು ಕೇಳಿದರು. ಯಾರೋ ಕೊಟ್ಟರು.

ಆಮೇಲೆ ಏನೂ ಸೇರಿಸಬೇಕಾಗಲಿಲ್ಲ. ಪೆನ್ನು ಬರೆಯದ ಆ ಒಂದು ಗಳಿಗೆ ಅವರಿಗೆ ಸಿಕ್ಕಿತ್ತು. ಎದ್ದು ಬರಬಹುದಿತ್ತು, ನೀರು ಕುಡಿದು ಬರುತ್ತೇನೆ ಅನ್ನಬಹುದಿತ್ತು. ಇನ್ನೊಂದು ಪೆನ್ನು ಕೇಳಿದರು. ಮನೆಯಲ್ಲಿ ನಾವು ಮೂವರು ಮಕ್ಕಳು, ತಿಂಗಳ ಪಗಾರದ ಮೇಲೆ ನಿಂತ ಮನೆ. ಅದನ್ನೂ ಬರೆದೆ, ಆದರೆ ಪೆನ್ನಿನ ಪಕ್ಕದಲ್ಲಿ ಬರೆಯಲಿಲ್ಲ, ಎರಡು ಪುಟ ಹಿಂದೆ ಬರೆದೆ. ಪಕ್ಕದಲ್ಲೇ ಇಟ್ಟರೆ ಅದು ನೆಪ ಆಗುತ್ತದೆ. ಮೊದಲೇ ಹೇಳಿಟ್ಟರೆ ಓದುವವರು ಅದನ್ನು ಜೊತೆಯಲ್ಲೇ ಹೊತ್ತುಕೊಂಡು ಬರುತ್ತಾರೆ.

ಆದ್ದರಿಂದ ಮೋಸದ ಕತೆ ಬರೆಯುವವರಿಗೆ ನಾನು ಕೇಳುವುದು ಒಂದೇ. ಕೈ ಕೊಟ್ಟವರಿಗೆ ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವ ಒಂದು ಸಣ್ಣ ದಾರಿ ಇತ್ತಾ? ಇದ್ದರೆ ಅದನ್ನು ತೋರಿಸಿ. ಅವರು ಅದನ್ನು ಬಿಟ್ಟದ್ದನ್ನೂ ತೋರಿಸಿ. "ನಂಬಿದ ಎಮ್ಮೆ ಕೋಣ ಈಯಿತು" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಗಾದೆ ಮೋಸ ಹೋದವರ ಬಾಯಿಂದ ಬಂದದ್ದು. ಕತೆಗಾರರು ಇನ್ನೊಂದು ಬದಿಗೂ ಹೋಗಿ ಕೂರಬೇಕು, ಅಲ್ವಾ?

ಮನುಷ್ಯ ಜಾರುವುದರ ಬಗ್ಗೆ ಬರೆಯಲು ಹೇಗೆ ಕಲಿಯುವುದು ಅಂತ ಒಬ್ಬ ಹುಡುಗ ಕೇಳಿದ. ನಾನು ಅವನನ್ನು ಗವಿಮಠದ ಬೆಟ್ಟಕ್ಕೆ ಹೋಗಿ ಬಾ ಅಂದೆ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಪಕ್ಕದ ಪಾಲ್ಕಿಗುಂಡಿನಲ್ಲೂ, ಆಚೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೇ ಶಾಸನದ ಪ್ರತಿಗಳಿವೆ. ಮಸ್ಕಿಯದು 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕ ಅನ್ನುವ ಹೆಸರೇ ಇರುವುದರಿಂದ ದೊಡ್ಡ ಹೆಸರಾಯಿತು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಅಷ್ಟೇ. ಆದರೆ ಒಳಗಿನ ಮಾತು ಏನು? ತಾನು ಉಪಾಸಕನಾಗಿ, ಅಂದರೆ ಬುದ್ಧನ ದಾರಿ ಹಿಡಿದ ಗೃಹಸ್ಥನಾಗಿ, ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು, ಆದರೆ ಅದರಲ್ಲಿ ಒಂದು ವರ್ಷ ಸರಿಯಾಗಿ ಶ್ರಮ ಪಡಲಿಲ್ಲ ಅಂತ ದೊರೆ ಹೇಳಿಕೊಳ್ಳುತ್ತಾನೆ. ಅಷ್ಟು ದೊಡ್ಡ ರಾಜ್ಯ ಆಳುವವನು ತನ್ನ ಸಡಿಲತನವನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಯಾಕೆ ಆಗಲಿಲ್ಲ ಅಂತ ನೆಪ ಕೊಟ್ಟಿಲ್ಲ. ಎಷ್ಟು ದಿನ ಅಂತ ಲೆಕ್ಕ ಕೊಟ್ಟಿದ್ದಾನೆ. ನಮ್ಮ ಪಾತ್ರಗಳ ಜಾರುವಿಕೆಯನ್ನೂ ಹೀಗೇ ಬರೆಯಬೇಕು. ಕುಡಿಯುವುದಿಲ್ಲ ಅಂತ ಆಣೆ ಮಾಡಿದವನು ಎಷ್ಟು ದಿನ ತಡೆದ? ಹನ್ನೊಂದು ದಿನ. ಹನ್ನೆರಡನೇ ದಿನ ಯಾವ ರಸ್ತೆಯಲ್ಲಿ ಮನೆಗೆ ಬಂದ? ಇರುಳು ಕಂಡ ಬಾವಿಗೆ ಹಗಲು ಬೀಳುವುದು ಹೀಗೆಯೇ. ಬಾವಿ ಎಲ್ಲಿದೆ ಅಂತ ಅವನಿಗೆ ಗೊತ್ತಿರುತ್ತದೆ, ಓದುವವರಿಗೂ ಗೊತ್ತಿರಬೇಕು.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಇದನ್ನು ನೀವು ಮಾಡಬಾರದು ಅಂತಲೇ ಈ ಬರಹಕ್ಕೆ ಕೈ ಹಾಕಿದ್ದು.

ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ನನ್ನ ಹತ್ತಿರ ಮಾತಾಡಲು ಬರುತ್ತಿದ್ದರು. ಮಗನಿಗೆ ಅಂಜಿ ತನ್ನ ಪಿಂಚಣಿ ದುಡ್ಡನ್ನು ಎಲ್ಲಿ ಬಚ್ಚಿಡುತ್ತೇನೆ ಅಂತ ಒಮ್ಮೆ ಹೇಳಿದರು. ಬೇಳೆ ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಆ ಡಬ್ಬಿಯ ಹಿಡಿಕೆ ಮುರಿದಿತ್ತು, ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ನಾನು ಅದನ್ನೇ ಕತೆ ಮಾಡಿದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ. ತಂತಿ ಸುತ್ತಿದ ಡಬ್ಬಿಯನ್ನು ಮಾತ್ರ ಹಾಗೇ ಬಿಟ್ಟೆ, ಕತೆಯಲ್ಲಿ ಅದೇ ಚೆನ್ನಾಗಿದ್ದದ್ದು. ಕತೆ ಒಂದು ಪತ್ರಿಕೆಯಲ್ಲಿ ಬಂತು. ಅವರ ಮನೆಯಲ್ಲಿ ಓದುವವರಿದ್ದರು. ಮಗ ಡಬ್ಬಿಗೆ ಕೈ ಹಾಕಿದ.

ಆ ವಾರ ಅವರು ನಮ್ಮ ಮನೆಗೆ ಬಂದರು. ಬೈಯಲಿಲ್ಲ. ಹೊಸ್ತಿಲ ಹೊರಗೆ ನಿಂತೇ "ನೀ ಬರೀತಿ ಅಂತ ಗೊತ್ತಿದ್ರ ನಿನ್ನ ಮುಂದ ಹೇಳ್ತಿದ್ದಿಲ್ಲ ತಂಗಿ" ಅಂದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಮೋಸದ ಬಗ್ಗೆ ಕತೆ ಬರೆಯುತ್ತಿದ್ದ ನಾನು ಮೋಸ ಮಾಡಿದ್ದೆ.

ಆ ಕತೆ ನನ್ನ ಪುಸ್ತಕದಲ್ಲಿ ಇಲ್ಲ. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹೆಸರು, ಊರು ಬದಲಿಸಿದರೆ ಸಾಲದು. ನಮ್ಮಂಥ ಊರಲ್ಲಿ ಜನ ಗುರುತು ಹಿಡಿಯುವುದು ಹೆಸರಿನಿಂದಲ್ಲ, ವಸ್ತುವಿನಿಂದ. ಮುರಿದ ಹಿಡಿಕೆ, ಬಾಗಿಲ ಬಣ್ಣ, ನಡೆಯುವ ರೀತಿ, ಬೈಗುಳ. ಕತೆಯಲ್ಲಿ ಯಾವ ವಸ್ತು ಎದ್ದು ಕಾಣುತ್ತದೋ ಅದನ್ನೇ ಮೊದಲು ಬದಲಿಸಬೇಕು. ಸುಮ್ನೆ ತೆಗೆದುಹಾಕಿದರೆ ಕತೆ ಸೊರಗುತ್ತದೆ. ಅಷ್ಟೇ ತೂಕದ ಇನ್ನೊಂದನ್ನು ನೀವೇ ಕಟ್ಟಬೇಕು. ಕಷ್ಟ, ಆದರೆ ಆಗುತ್ತದೆ. ಯಾರಾದರೂ ಬಚ್ಚಿಟ್ಟದ್ದನ್ನು ಬರೆಯುವುದಾದರೆ ಬಚ್ಚಿಟ್ಟ ಜಾಗ ನಿಮ್ಮ ಕಲ್ಪನೆಯದೇ ಇರಲಿ.

ಹತ್ತು ಹದಿನೈದು ಕತೆ ಆದ ಮೇಲೆ ಎಲ್ಲವನ್ನೂ ಪ್ರಿಂಟ್ ತೆಗೆದು ನೆಲದ ಮೇಲೆ ಸಾಲಾಗಿ ಇಡಿ. ಮೊಬೈಲಿನಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಪ್ರತಿ ಕತೆಯ ಕೊನೆಯ ಪ್ಯಾರಾ ಮಾತ್ರ ಒಂದರ ಹಿಂದೆ ಒಂದು ಓದಿ. ನನ್ನ ಹನ್ನೊಂದರಲ್ಲಿ ಐದು ಕತೆ ಕತ್ತಲಲ್ಲಿ ಯಾರೋ ಒಬ್ಬರೇ ಕೂತಿರುವುದರಲ್ಲಿ ಮುಗಿಯುತ್ತಿದ್ದವು. ಒಂದೊಂದಾಗಿ ಓದಿದಾಗ ಚೆನ್ನಾಗಿಯೇ ಇದ್ದವು, ಒಟ್ಟಿಗೆ ಓದಿದಾಗ ಬೇಸರ ಬಂತು. ಮೂರನ್ನು ತಿದ್ದಿದೆ.

ಆಮೇಲೆ, ಕೈ ಕೊಡುವವರು ಯಾರು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಕಡೆ ಹೆಸರಿನಲ್ಲೇ ಜಾತಿ, ಕಸುಬು ಎಲ್ಲ ಗೊತ್ತಾಗುತ್ತದೆ. ಒಬ್ಬ ಮೇಷ್ಟ್ರ ಸಂಕಲನದಲ್ಲಿ ಮೋಸ ಮಾಡುವವರೆಲ್ಲ ಒಂದೇ ಸಮುದಾಯದ ಹೆಸರಿನವರು. ಅವರಿಗೆ ಗೊತ್ತೇ ಇರಲಿಲ್ಲ. ಪಟ್ಟಿ ಮಾಡಿ ತೋರಿಸಿದಾಗ ತುಂಬಾ ಹೊತ್ತು ಸುಮ್ಮನೆ ಕೂತರು. ಹೆಸರು ಬದಲಿಸಿ ಅಂತ ನಾನು ಹೇಳಲಿಲ್ಲ. ಅವರು ನೋಟ್‌ಬುಕ್ ವಾಪಸ್ ತೆಗೆದುಕೊಂಡು ಹೋಗಿ, ಎರಡು ತಿಂಗಳು ಬಿಟ್ಟು ಎರಡು ಕತೆಗಳನ್ನು ಪೂರ್ತಿ ಹೊಸದಾಗಿ ಬರೆದು ತಂದರು. ಆ ಎರಡೇ ಈಗ ಅವರ ಪುಸ್ತಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿವೆ.

ಕತೆಗಳ ಸಾಲು ಹೇಗಿರಬೇಕು? ಭಯದ್ದು ಒಂದು ಕಡೆ, ಮೋಸದ್ದು ಒಂದು ಕಡೆ ಅಂತ ಗುಂಪು ಮಾಡಬೇಡಿ. ಹಾಗೆ ಮಾಡಿದರೆ ಓದುವವರಿಗೆ ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ನನ್ನ ಪುಸ್ತಕ ಒಂದು ಸಣ್ಣ ಗಾಬರಿಯ ಕತೆಯಿಂದ ಶುರುವಾಗುತ್ತದೆ, ನಾಲ್ಕೇ ಪುಟ. ಪೆನ್ನಿನ ಕತೆ ನಾಲ್ಕನೆಯದು. ಅದರ ನಂತರ, ಅಂಜಿದರೂ ಕೊನೆಗೆ ಸುಳ್ಳು ಹೇಳದ ಒಬ್ಬ ಕಂಡಕ್ಟರನ ಕತೆ ಇಟ್ಟೆ. ಓದುವವರು ಉಸಿರು ಬಿಡಲು ಜಾಗ ಬೇಕು, ಮತ್ತೆ ಅದು ನಿಜವೂ ಹೌದು. ಎಲ್ಲರೂ ಎಲ್ಲ ಸಲವೂ ಜಾರುವುದಿಲ್ಲ.

ಅಚ್ಚಿನ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಕತೆ ಪುಸ್ತಕಕ್ಕೆ ಸಾಮಾನ್ಯವಾಗಿ 1/8 ಡೆಮಿ ಸೈಜು, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಇದರಲ್ಲಿ ಒಂದು ಫಾರ್ಮಿಗೆ, ಅಂದರೆ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಹಾಗಾಗಿ ಪುಟಗಳು 112, 128, 144 ಹೀಗೆ ಬಂದರೆ ಕಾಗದ ಹಾಳಾಗುವುದಿಲ್ಲ. ನನ್ನದು 131 ಬಂತು. ಮೂರು ಪುಟ ಕಡಿಮೆ ಮಾಡಬೇಕಿತ್ತು. ಹುಡುಕುತ್ತಾ ಹೋದರೆ ಐದು ಕತೆಗಳಲ್ಲಿ ನಾನು ಕೊನೆಗೆ ನಿಂತು ವಿವರಿಸಿದ್ದೆ. ಆತ ಯಾಕೆ ಹಾಗೆ ಮಾಡಿದ, ಮನುಷ್ಯರು ಎಂಥವರು, ಕಾಲ ಎಂಥದ್ದು ಅಂತೆಲ್ಲ. ಅವನ್ನೇ ತೆಗೆದೆ. ಸರಿಯಾಗಿ 128 ಆಯಿತು. ಈಗ ಯಾರ ಹಸ್ತಪ್ರತಿ ಬಂದರೂ ಮೊದಲು ಅಲ್ಲೇ ನೋಡಿ ಅನ್ನುತ್ತೇನೆ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆ 13 ಅಂಕಿಯ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ, ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ, ಅರ್ಜಿ ಕರೆದಾಗ ವಯಸ್ಸಿನ ನಿಯಮ ನೋಡಿ ಹಾಕಿ. ನೀವೇ ಪ್ರಕಾಶಕರಾದರೆ 1954ರ ಕಾಯ್ದೆಯ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು.

ಪ್ರೂಫ್ ಮಾತ್ರ ಅವಸರದಲ್ಲಿ ನೋಡಬೇಡಿ. ಎಲ್ಲ ತಪ್ಪೂ ತಪ್ಪಿನ ಹಾಗೆ ಕಾಣುವುದಿಲ್ಲ. ಒಂದು ಕತೆಯಲ್ಲಿ "ನಂಬಿದ ಗೆಳೆಯ" ಅಂತ ಇರಬೇಕಾದಲ್ಲಿ ನಾನೇ "ನಂಬದ ಗೆಳೆಯ" ಅಂತ ಟೈಪ್ ಮಾಡಿದ್ದೆ. ಒಂದು ಗುಡಿಸು ಬಿಟ್ಟುಹೋಗಿತ್ತು. ಪದ ಸರಿಯಾಗಿಯೇ ಇದೆ, ವಾಕ್ಯವೂ ಸರಿಯಾಗಿಯೇ ಇದೆ, ಕತೆ ಮಾತ್ರ ತಿರುಗಿಬಿದ್ದಿದೆ. ಕಣ್ಣಿನಲ್ಲಿ ಎರಡು ಸಲ ಓದಿದಾಗಲೂ ಸಿಗಲಿಲ್ಲ. ಮೂರನೇ ಸಲ ಜೋರಾಗಿ ಓದಿದಾಗ ಸಿಕ್ಕಿತು. ಆದ್ದರಿಂದ ಕೊನೆಯ ಪ್ರೂಫನ್ನು ಬಾಯಿಬಿಟ್ಟು ಓದಿ, ಕೇಳಲು ಎದುರಿಗೆ ಒಬ್ಬರು ಇರಲಿ.

ನಾನು ಪೆನ್ನಿನ ಕತೆಯ ಪ್ರೂಫನ್ನು ಅಪ್ಪನ ಎದುರಿಗೆ ಓದಿದೆ. ಬದುಕಿರುವವರ ಬಗ್ಗೆ ಬರೆದರೆ ಅಚ್ಚಿಗೆ ಮೊದಲು ಅವರಿಗೆ ಓದಿ ಹೇಳಿ ಅಂತ ಎಲ್ಲರಿಗೂ ಹೇಳುತ್ತೇನೆ, ನಾನೇ ಅದನ್ನು ಎರಡು ತಿಂಗಳು ಮುಂದೂಡಿದ್ದೆ. ಬೇಡ ಅಂದರೆ ತೆಗೆದುಬಿಡುವುದು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಕೂತೆ. ಬೇಡ ಅನ್ನಲು ಜಾಗ ಕೊಡದೆ ಓದುವುದಾದರೆ ಓದಲೇಬಾರದು. ಅಪ್ಪನಿಗೆ ಈಗ ಎಪ್ಪತ್ತೆಂಟು. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಪೂರ್ತಿ ಕೇಳಿದರು, ನಡುವೆ ಒಂದೂ ಮಾತಾಡಲಿಲ್ಲ. ಮುಗಿದ ಮೇಲೆ ತುಂಬಾ ಹೊತ್ತು ಅಂಗೈ ನೋಡಿಕೊಂಡರು.

"ಅಚ್ಚು ಹಾಕ್ಸು. ಆದ್ರ ಒಂದು ತಪ್ಪೈತವ್ವಾ" ಅಂದರು. "ಇನ್ನೊಂದು ಪೆನ್ನು ನಾ ಯಾರ್ನೂ ಕೇಳಲಿಲ್ಲ. ನನ್ನ ಕಿಸೇದಾಗ ಇತ್ತು."

ಮರುದಿನ ಅಂಗಡಿಗೆ ಹೋಗಿ 47ನೇ ಪುಟ ತೆಗೆದೆ. "ಕೇಳಿದರು", "ಯಾರೋ ಕೊಟ್ಟರು", ಎರಡನ್ನೂ ಅಳಿಸಿದೆ. ಕಿಸೆಗೆ ಕೈ ಹಾಕಿದರು ಅಂತ ಬರೆದೆ. ಒಂದು ಸಾಲು ಕಡಿಮೆಯಾಯಿತು, ಪುಟ ಸರಿದೂಗಿಸಲು ಸ್ವಲ್ಪ ಹೊತ್ತು ಹಿಡಿಯಿತು.